ಹೋಲ್ಡಾನ್

ರಜೆ ನೂರೆಂಬತ್ತು ದಿನ. ಅದು ಇಲಾಖೆಯ ಲೆಕ್ಕ.
ನಿನ್ನ ಲೆಕ್ಕ ಬೇರೆ: ಬೋರಲಾದದ್ದು ನೂರಮೂವತ್ತನೆಯ ದಿನ.
ಒಂದು ಕೈ ಎದೆಯಡಿ ಸಿಕ್ಕಿ, ತೆಗೆಯಲು ಬಾರದೆ,
ಆಮೇಲೆ ಒಂದು ವಾರ ಪೂರ್ತಿ ನೆಲಕ್ಕೇ ಬೈದೆ.
ಕಾಲಿನ ಹೆಬ್ಬೆರಳು ನಿನ್ನ ಬಾಯಿಗೆ ಎಟುಕಿದ ದಿನ
ನಾನು ಖಾಕಿ ಅಂಗಿಯ ಗುಂಡಿ ಬಿಡಿಸಿ ಸರಿಸಿ ಹೊಲಿಯುತ್ತಿದ್ದೆ.
ಮೈ ಇನ್ನೂ ಹಳೆಯ ಅಳತೆಗೆ ವಾಪಸಾಗಿರಲಿಲ್ಲ.

ಆರು ತುಂಬಿದ ಮಾರನೆಯ ಬೆಳಿಗ್ಗೆ
ಮಡಿಕೇರಿಯಿಂದ ಭಾಗಮಂಡಲ, ಆರೂ ನಲವತ್ತರ ಗಾಡಿ.
ಬಾಡಿಗೆ ಮನೆಯ ಜಗಲಿಯಲ್ಲಿ
ಜಮೀಲಿತ್ತಾರ ಸೊಂಟಕ್ಕೆ ನಿನ್ನ ಕೊಟ್ಟೆ.
ನೀನು ಅವರ ಕಿವಿಯ ಅಲಿಕ್ಕತ್ತು ಹಿಡಿದೆ.
ತಿರುಗಿ ನೋಡಲಿಲ್ಲ, ನೀನು.
ನಾನು ನಾಲ್ಕು ಸಲ ನೋಡಿದೆ.

ಅಪ್ಪಂಗಳ ದಾಟುವಾಗ ಗೊತ್ತಾಯಿತು, ಮೈ ಮರೆತಿಲ್ಲ:
ಎಡಗೈಯಲ್ಲಿ ಮೆಷಿನು, ಬಲಗೈಯಲ್ಲಿ ನೋಟು,
ಏನನ್ನೂ ಹಿಡಿಯದೆ ನಿಲ್ಲುವುದು ಹೇಗೆಂದು ಪಾದ ಬಲ್ಲದು.
ಗಾಡಿ ಹೊರಳುವ ಮುಂಚೆಯೇ ಸೊಂಟ ಹೊರಳಬೇಕು,
ಇಷ್ಟೇ ವಿದ್ಯೆ. ಕಲಿಯಲು ನನಗೆ ಮೂರು ತಿಂಗಳು ಹಿಡಿದಿತ್ತು,
ಎರಡು ಸಲ ಹಣೆ ಊದಿತ್ತು.

ಚೇರಂಬಾಣೆಯಲ್ಲಿ ಕಾಫಿ ಕುಯ್ಯುವ ಹೆಂಗಸರು ಹತ್ತಿದರು.
ಯಾರದೋ ಮಡಿಲಲ್ಲಿ ಯಾವುದೋ ಕೂಸು ಅತ್ತಿತು.
ನನ್ನ ಚೀಲದ ಪಟ್ಟಿಯಡಿ ಖಾಕಿ ಒದ್ದೆಯಾಯಿತು.
ಕೂಸಿನ ತಾಯಿ ಕಂಡಳು. ಕಂಡು, ತಲೆಯ ವಸ್ತ್ರ ಬಿಚ್ಚಿ ಚಾಚಿದಳು:
'ಹೆಗಲಿಗೆ ಹಾಕ್ಕೊ. ಕೇಳಿದರೆ ಚಳಿ ಅನ್ನು.'
ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟೆ ಅವಳಿಗೆ.
ಅದಕ್ಕಿಂತ ಹೆಚ್ಚಿನದು ಮೆಷಿನಿನಲ್ಲಿ ಇರಲಿಲ್ಲ.

ಏಳನೆಯ ತಿಂಗಳಲ್ಲಿ ನೀನು ಕೂರಲು ಕಲಿತೆ.
ಮೊದಲು ಎರಡೂ ಅಂಗೈ ಮುಂದೂರಿ, ಕಪ್ಪೆಯ ಹಾಗೆ;
ಆಮೇಲೆ ಒಂದೇ ಕೈ; ಆಮೇಲೆ
ಯಾವ ಕೈಯೂ ಇಲ್ಲದೆ, ಎಣಿಸಿದರೆ ಒಂಬತ್ತರ ತನಕ.
ನೆಲ ಅಲುಗದಿದ್ದರೂ ನಿನಗದು ಬೆಟ್ಟಗೇರಿಯ ರಸ್ತೆ.
ಬೀಳುವಾಗ ಮುಖದಲ್ಲಿ ಹೆದರಿಕೆಯಲ್ಲ, ಬೇಸರ,
ಮಾತಿನ ನಡುವೆ ಯಾರೋ ಎದ್ದುಹೋದರೆ ಆಗುವಂಥದು.

ಕಿತ್ತಳೆಯನ್ನು ಎಡಗೈಯಿಂದ ಬಲಗೈಗೆ ದಾಟಿಸಿ
ಮತ್ತೆ ಎಡಗೈಗೆ ತಂದು ದಿಟ್ಟಿಸುತ್ತಿದ್ದೆ,
ಚಿಲ್ಲರೆ ಸರಿಯಿದೆಯಾ ಎಂದು ನೋಡಿಕೊಳ್ಳುವ ಮುದುಕ.
ರಾಗಿಸರಿಯ ಮೊದಲ ಚಮಚ ನಾಲಿಗೆಯಿಂದ ಹೊರನೂಕಿದೆ,
ಎರಡನೆಯದರ ಬಗ್ಗೆ ಯೋಚಿಸಿದೆ,
ಮೂರನೆಯದಕ್ಕೆ ಚಮಚವನ್ನೇ ಕಸಿದುಕೊಂಡೆ.

ಕೆಳವಸಡಿನಲ್ಲಿ ಅಕ್ಕಿನುಚ್ಚಿನಷ್ಟು ಬಿಳುಪು.
ಸ್ಟೀಲಿನ ಲೋಟಕ್ಕೆ ತಾಗಿ ಟಿಣ್ ಎಂದಿತಂತೆ.
'ಮೌಲ್ಯಳಿಗೆ ಹಲ್ಲು ಬಂತು' ಎಂದು
ಜಮೀಲಿತ್ತಾ ಬೀದಿಗೆಲ್ಲ ಸಾರಿ ಬಂದರು.
ನನಗೆ ತಿಳಿದದ್ದು ಸಂಜೆ ಐದಕ್ಕೆ, ಎಲ್ಲರಿಗಿಂತ ಕೊನೆಗೆ.
ನಕ್ಕೆ. ಆಮೇಲೆ ನೀರು ಕಾಯಿಸುವ ನೆಪದಲ್ಲಿ ಒಳಗೆ ಹೋದೆ.

ರಾತ್ರಿ ನಮ್ಮದೊಂದು ಆಟವಿತ್ತು. ಟಿಕೆಟ್ ರೋಲು ಮುಗಿದು ಉಳಿದ ಸುರುಳಿ;
ಅದರ ಮೇಲೆ ಕರವಸ್ತ್ರ ಹೊದಿಸುವುದು.
ಹೊದಿಸಿದ್ದೇ ತಡ, ಅದು ನಿನ್ನ ಲೋಕದಿಂದ ಇಳಿದುಹೋಗುತ್ತಿತ್ತು,
ನೀನು ಜಿರಳೆಯನ್ನೋ ಬಲ್ಬನ್ನೋ ನೋಡುತ್ತಿದ್ದೆ.
ನಾನೂ ದಿನಾ ಬೆಳಿಗ್ಗೆ ಹಾಗೆಯೇ ಇಳಿಯುತ್ತಿದ್ದೆ.
ಅದೇ ನೋವು, ಅದೇ ಅನುಕೂಲ.

ಮೊನ್ನೆ, ಎಂಟು ತುಂಬಲು ಇನ್ನೂ ಕೆಲವು ದಿನ ಇರುವಾಗ,
ನೀನು ಕರವಸ್ತ್ರ ನೋಡಿದೆ. ಅದರ ಉಬ್ಬು ನೋಡಿದೆ.
ಅಂಚು ಹಿಡಿದು ಎಳೆದೆ.
ಅಲ್ಲಿಯೇ ಇತ್ತು, ಕಾಣದೆ ಹೋದದ್ದು!
ಕೇಕೆ ಹಾಕಿ, ಬ ಬ ಬ ಎಂದು
ಮೂರು ಸಲ ರುಜು ಮಾಡಿದೆ.

ಮಾರನೆಯ ಬೆಳಿಗ್ಗೆ ಜಗಲಿಯಲ್ಲಿ ಖಾಕಿ ಕಂಡು ನಿನ್ನ ತುಟಿ ನಡುಗಿತು.
ಓಣಿ ಮುಗಿದ ಮೇಲೂ ಅಳು ಕೇಳುತ್ತಿತ್ತು.
ನಾನು ಎಲ್ಲೋ ಇದ್ದೇನೆಂದು
ನಿನಗೆ ಗೊತ್ತಾಗಿಬಿಟ್ಟಿತ್ತು.

ಚೆಟ್ಟಿಮಾನಿಯ ಆಚೆ ಮಂಜು, ಮಾರುದೂರವೂ ಕಾಣದು.
ತಿರುವಿಗೆ ಮುಂಚೆ ಡ್ರೈವರ್ ಕುಶಾಲಪ್ಪ ಉದ್ದಕ್ಕೆ ಹಾರನ್ ಒತ್ತಿದರು,
ಎದುರಿಂದ ಬರುತ್ತಿರಬಹುದಾದ ಗಾಡಿಗೆ.
ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ.
ಆಮೇಲೆ ಆ ಕಡೆಯಿಂದಲೂ ಒಂದು ಹಾರನ್.

ಹಿಂದಿನ ಸೀಟಿನಲ್ಲಿ ಯಾರೋ 'ಹೋಲ್ಡಾನ್' ಅಂದರು.
ಸೀಟಿ ಊದಬೇಕಿತ್ತು.
ಎಂಟು ವರ್ಷದಲ್ಲಿ ಮೊದಲ ಸಲ
ಕಂಬಿ ಹಿಡಿದುಕೊಂಡೆ.